ಕ್ಯಾತಮ್ಮನ ನಾಯಿಮನೆಯ ಕಿಂಡಿ

ನಾಯಿಮನೆ ಕಟ್ಟಿಸುವುದು ನಮ್ಮ ಇಲಾಖೆಯ ಕೆಲಸವಲ್ಲ. ದನಕ್ಕೆ ಸೂಜಿ ಹಾಕುವುದು, ಕುರಿಗೆ ಜಂತುಹುಳದ ಔಷಧ ಕುಡಿಸುವುದು, ಹೆರಲಾರದೆ ಒದ್ದಾಡುವ ಎಮ್ಮೆಯ ಹಿಂದೆ ಮೊಳಕೈವರೆಗೂ ಕೈ ಹಾಕಿ ನಿಲ್ಲುವುದು ನಮ್ಮ ಕೆಲಸ. ಆದರೂ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಸುತ್ತಿ, ನಿವೃತ್ತನಾಗಿ ಚಿತ್ರದುರ್ಗದ ಮನೆಯಲ್ಲಿ ಕಾಲು ಚಾಚಿ ಕುಳಿತಿರುವ ನನಗೆ ಈಗ ಬರುವ ಫೋನುಗಳಲ್ಲಿ ಮುಕ್ಕಾಲುಪಾಲು ನಾಯಿಮನೆಯವೇ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರೂ ಕೇಳುತ್ತಾರೆ. "ಸಾರ್, ಒಬ್ಬರು ನಾಯಿಗೆ ಶೆಡ್ ಹಾಕಿಸ್ತಾರಂತೆ, ಎಷ್ಟು ಉದ್ದ, ಎಷ್ಟು ಅಗಲ ಹೇಳ್ಲಿ?" ಅಳತೆ ಹೇಳುವುದು ಬಹಳ ಸುಲಭ. ನಾಯಿ ಎದ್ದು ನಿಂತರೆ ತಲೆ ತಾಗಬಾರದು, ಮೈ ತಿರುಗಿಸಿದರೆ ಬಾಲ ಉಜ್ಜಬಾರದು, ಕಾಲು ಚಾಚಿ ಮಲಗಿದರೆ ಗೋಡೆ ಸಿಗಬಾರದು. ಮುಗಿಯಿತು. ಆದರೆ ಇಷ್ಟು ಹೇಳಿ ಫೋನು ಇಟ್ಟುಬಿಟ್ಟರೆ ನನಗೆ ಸಮಾಧಾನವಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಮೊದಲು ನಮ್ಮ ಕಸುಬಿನ ಬಗ್ಗೆ ಒಂದು ಮಾತು. ನಾನು ಡಾಕ್ಟರಲ್ಲ, ಪಶುವೈದ್ಯಕೀಯ ಪರೀಕ್ಷಕ. ಹಳ್ಳಿಯವರಿಗೆ ಈ ವ್ಯತ್ಯಾಸ ಬೇಕಾಗಿಲ್ಲ. ಕೈಯಲ್ಲಿ ಸಿರಿಂಜು ಇದ್ದವರೆಲ್ಲ ಅವರಿಗೆ ಡಾಕ್ಟ್ರೇ. ಶುರುವಿನಲ್ಲಿ ತಿದ್ದಿ ಹೇಳುತ್ತಿದ್ದೆ, ಆಮೇಲೆ ಬಿಟ್ಟುಬಿಟ್ಟೆ. ನಿಜವಾದ ಡಾಕ್ಟರುಗಳ ಕೈಕೆಳಗೂ ದುಡಿದಿದ್ದೇನೆ, ಬಗೆಬಗೆಯವರು. ಹೊಸದುರ್ಗದಲ್ಲಿ ಒಬ್ಬ ಸಾಹೇಬರಿದ್ದರು, ಕೊಬ್ಬಿದ ಹೋರಿಯ ಮೂಗುದಾರ ಬರಿಗೈಯಲ್ಲಿ ಹಿಡಿಯುವ ಗಂಡೆದೆ, ಆದರೆ ನಾಯಿ ಕಂಡರೆ ಮಾತ್ರ ಜೀಪಿನಿಂದ ಇಳಿಯುತ್ತಿರಲಿಲ್ಲ. ಗಾಜು ಒಂದಿಷ್ಟು ಇಳಿಸಿ, "ನೋಡಪ್ಪ, ಕಣ್ಣು ಹೆಂಗೈತೆ ನೋಡು, ನಾಲಿಗೆ ಹೆಂಗೈತೆ ನೋಡು" ಅಂತ ನನ್ನನ್ನು ಕೇಳಿ ಕೇಳಿ ಔಷಧ ಹೇಳುತ್ತಿದ್ದರು. ರೋಗ ಮಾತ್ರ ಸರಿಯಾಗಿಯೇ ಹಿಡಿಯುತ್ತಿದ್ದರು. ನಾಯಿಯ ಹತ್ತಿರ ಹೋಗುವುದನ್ನು ನಾನು ಕಲಿತದ್ದು ಅವರ ಹೆದರಿಕೆಯಿಂದಲೇ.

ಹೊಳಲ್ಕೆರೆಯ ಮಂಡಿ ವ್ಯಾಪಾರಿಯೊಬ್ಬರು ತಮ್ಮ ನಾಯಿಗೆ ಟೈಲ್ಸ್ ಹಾಕಿಸಿದ ಮನೆ ಕಟ್ಟಿಸಿದ್ದರು. ಹೊಳೆಯುವ ಬಿಳಿ ಟೈಲ್ಸು, ಮೇಲೆ ಫ್ಯಾನು, ಬಾಗಿಲಿಗೆ ಹಿತ್ತಾಳೆ ಹಿಡಿ. ನಾಯಿ ಮಾತ್ರ ಹೊರಗೆ ಇಟ್ಟಿಗೆ ಚೂರಿನ ಗುಡ್ಡೆಯ ಮೇಲೆ ಮಲಗಿತ್ತು. "ಇಷ್ಟು ಚೆನ್ನಾಗಿ ಕಟ್ಟಿಸಿದೀನಿ, ಕೊಬ್ಬು ನೋಡ್ರಿ ಇದಕ್ಕೆ" ಅಂದರು ಸಾಹುಕಾರರು. ನಾನು ನಾಯಿಯನ್ನು ಒಳಗೆ ನಡೆಸಿ ತೋರಿಸಿದೆ. ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಜಾರಿದವು. ದೊಡ್ಡ ತಳಿಯ ನಾಯಿ, ಸೊಂಟದ ಕೀಲು ಮೊದಲೇ ನೋಯುತ್ತಿತ್ತು. ಅಲ್ಲಿ ಒಂದು ಸಲ ಏಳುವುದಕ್ಕೆ ಅದು ಪಡುತ್ತಿದ್ದ ಪಾಡು ನೋಡಿ ಸಾಹುಕಾರರ ಹೆಂಡತಿಯೇ ಒಳಗಿನಿಂದ ಗೋಣಿಚೀಲ ತಂದು ಹಾಸಿದರು. ಆಮೇಲೆ ಟೈಲ್ಸಿನ ಮೇಲೆ ಮರದ ಹಲಗೆ ಬಂತು. ನಾಯಿ ಒಳಗೆ ಹೋಯಿತು. ಫ್ಯಾನು ಅಂಗಡಿಗೆ ಹೋಯಿತು.

ಐಮಂಗಲದ ಹೆದ್ದಾರಿ ಹೋಟೆಲಿನವನದು ಇದಕ್ಕೆ ತದ್ವಿರುದ್ಧ. ಜಿಂಕ್ ಶೀಟು ಬಗ್ಗಿಸಿ, ನಾಲ್ಕು ಕಡೆ ಮುಚ್ಚಿ ಒಂದು ಡಬ್ಬ ಮಾಡಿಟ್ಟಿದ್ದ. ಬೇಸಿಗೆಯಲ್ಲಿ ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ಬಂಡೆಯ ಮೇಲೆ ಹಪ್ಪಳ ಒಣಗಿಸಿದರೆ ಸುಟ್ಟೇ ಬರುತ್ತದೆ. ನಾಯಿ ನಾಲಿಗೆ ಇಳಿಬಿಟ್ಟು ಕೆಂಗಣ್ಣು ಮಾಡಿಕೊಂಡು ಬಿದ್ದಿತ್ತು. ಒದ್ದೆ ಗೋಣಿ ಹೊದಿಸಿ, ಅಂಗಾಲಿಗೆಲ್ಲ ನೀರು ಹಾಕಿ ಉಳಿಸಿಕೊಂಡೆವು. ಆ ಡಬ್ಬವನ್ನು ಹೊಂಗೆಮರದ ಬುಡಕ್ಕೆ ಸಾಗಿಸಿ, ಎರಡು ಕಡೆ ಶೀಟು ಕಿತ್ತು ಗಾಳಿ ಬಿಟ್ಟು, ಮೇಲೆ ತೆಂಗಿನ ಗರಿ ಹೊದಿಸಿ, ಕೆಳಗೆ ಇಟ್ಟಿಗೆ ಕೊಟ್ಟು ನೆಲದಿಂದ ಎತ್ತರಿಸಿದ ಮೇಲೆ ಅದೇ ಡಬ್ಬ ಮನೆಯಾಯಿತು.

ಇನ್ನೊಂದು. ನಾವು ಕೆಲಸಕ್ಕೆ ಸೇರಿದ ಕಾಲದಲ್ಲಿ ಎಲ್ಲದಕ್ಕೂ ಫಿನಾಯಿಲು. ದನದ ಕೊಟ್ಟಿಗೆಗೆ ಫಿನಾಯಿಲು, ಕೋಳಿ ಗೂಡಿಗೆ ಫಿನಾಯಿಲು, ನಾಯಿಮನೆಗೂ ಅದೇ. ನಾಯಿ ಅದರ ಮೇಲೆ ನಡೆದು ಕಾಲು ನೆಕ್ಕಿಕೊಳ್ಳುತ್ತದೆ ಎಂಬ ಯೋಚನೆ ಯಾರಿಗೂ ಇರಲಿಲ್ಲ. ಈಗ ಸೋಪಿನ ನೀರು, ಮೇಲೆ ಒಳ್ಳೆಯ ಬಿಸಿಲು, ರಕ್ತ ಹೀರುವ ಉಣುಗು ಬೀಳದ ಹಾಗೆ ಹಾಸಿಗೆಯನ್ನು ಆಗಾಗ ಒದರುವುದು, ಇಷ್ಟೇ ಸಾಕು ಅನ್ನುತ್ತೇವೆ. ಕಾಲ ಬದಲಾದಂತೆ ನಾವೂ ಬದಲಾದೆವು.

ಇವೆಲ್ಲ ಗಾಳಿ, ನೆಲ, ನೆರಳಿನ ಮಾತಾಯಿತು. ಇವನ್ನು ಯಾರು ಬೇಕಾದರೂ ಕಲಿಯಬಹುದು. ನನಗೆ ನಿಜವಾದ ಪಾಠ ಕಲಿಸಿದ್ದು ಹಿರಿಯೂರು ತಾಲ್ಲೂಕಿನಲ್ಲಿ, ಯಲ್ಲದಕೆರೆ ಕಡೆಯ ಒಂದು ಹಟ್ಟಿಯ ಕ್ಯಾತಮ್ಮ.

ಕ್ಯಾತಮ್ಮನಿಗೆ ಕಿವಿ ಕೇಳುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಬಂದ ಜ್ವರ ಎರಡೂ ಕಿವಿಯನ್ನು ತೆಗೆದುಕೊಂಡು ಹೋಗಿತ್ತು. ಎದುರಿಗೆ ನಿಂತು ಬಿಡಿಸಿ ಬಿಡಿಸಿ ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರು. ತಮ್ಮ ಮಾತು ತಮಗೇ ಕೇಳದ್ದರಿಂದ ಹಟ್ಟಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದರು. ಗಂಡ ತೀರಿಕೊಂಡಿದ್ದ. ಮಗಳನ್ನು ಹೊಸದುರ್ಗದ ಕಡೆ ಕೊಟ್ಟಿತ್ತು. ಹಿಂಡು ದೊಡ್ಡದಲ್ಲ, ಒಬ್ಬ ಹೆಂಗಸು ಮೇಯಿಸಿಕೊಂಡು ಬರುವಷ್ಟು ಕುರಿ. ಜೊತೆಗೆ ಕೆಂಚ ಅನ್ನುವ ಕೆಂಪು ನಾಯಿ.

ಆ ನಾಯಿ ಅವರ ಕಿವಿ ಆಗಿತ್ತು. ಹಿಂದಿನಿಂದ ಬೈಕು ಬಂದರೆ ಕೆಂಚ ಬಂದು ಸೆರಗು ಎಳೆಯುತ್ತಿತ್ತು. ಮನೆಗೆ ಯಾರಾದರೂ ಬಂದರೆ ಸೆರಗು ಎಳೆಯುತ್ತಿತ್ತು. ಕುರಿ ಹಳ್ಳಕ್ಕೆ ಇಳಿದು ಸಿಕ್ಕಿಹಾಕಿಕೊಂಡರೂ ಅಷ್ಟೇ. ಯಾರೂ ಕಲಿಸಿದ್ದಲ್ಲ. ಬೊಗಳಿದರೆ ಈಯಮ್ಮ ತಿರುಗುವುದಿಲ್ಲ ಅಂತ ಮರಿಯಾಗಿದ್ದಾಗಲೇ ಕಂಡುಕೊಂಡು ತಾನೇ ಮಾಡಿಕೊಂಡ ಉಪಾಯ. ಅವರ ಸೀರೆಗಳ ಸೆರಗೆಲ್ಲ ಹಲ್ಲಿನ ತೂತು. ರಾತ್ರಿ ಅವರು ಜಗುಲಿಯ ಮೇಲೆ ಮಲಗುತ್ತಿದ್ದರು, ಕಾಲ ಹತ್ತಿರ ಕೆಂಚ, ಪಕ್ಕದಲ್ಲೇ ಜಾಲಿಮುಳ್ಳಿನ ಬೇಲಿ ಹಾಕಿದ ಕುರಿರೊಪ್ಪ. ಹಾಗೇ ವರ್ಷಗಟ್ಟಲೆ ನಡೆದಿತ್ತು.

ಅಷ್ಟರಲ್ಲಿ ಚಿರತೆ ಬಂತು. ಗುಡ್ಡದ ಚಿರತೆ ಹಟ್ಟಿಯ ರುಚಿ ನೋಡಿತು. ಮೊದಲು ಒಬ್ಬರ ಜಗುಲಿಯಿಂದಲೇ ನಾಯಿ ಹೊತ್ತುಕೊಂಡು ಹೋಯಿತು. ಅರಣ್ಯದವರು ಬಂದು, ಯಾರೂ ಹೊರಗೆ ಮಲಗಬೇಡಿ, ಒಳಗೆ ಬಾಗಿಲು ಹಾಕಿಕೊಳ್ಳಿ ಅಂತ ಹೇಳಿಹೋದರು. ಸರಿಯಾದ ಮಾತೇ. ಕ್ಯಾತಮ್ಮ ಒಳಗೆ ಮಲಗಿದರು. ಕೆಂಚ ಹೊರಗೆ ಉಳಿಯಿತು. ಯಾಕೆಂದರೆ ಆ ಮನೆ ಹಟ್ಟಿಗೆ ಹಿರಿಯ ಮನೆ, ದೇವರ ಪೆಟ್ಟಿಗೆ ಇದ್ದದ್ದು ಅದರ ಒಳಮನೆಯಲ್ಲಿ. ಆ ಹೊಸ್ತಿಲನ್ನು ನಾಯಿ ದಾಟುವಂತಿರಲಿಲ್ಲ. ಪೆಟ್ಟಿಗೆಯ ಪೂಜೆ ಮಾಡುತ್ತಿದ್ದವನು ಕ್ಯಾತಮ್ಮನ ಮೈದುನ ಚಿಕ್ಕಣ್ಣ.

ನನ್ನನ್ನು ಕರೆಸಿದಾಗ ಕೆಂಚ ಮುಚ್ಚಿದ ಬಾಗಿಲ ಮುಂದೆ ಬಿದ್ದಿತ್ತು. ಭುಜದಿಂದ ಎದೆಯವರೆಗೆ ಚಿರತೆಯ ಉಗುರು ಸೀಳಿತ್ತು. ಕುರಿಗಾರರು ನಾಯಿಯ ಕುತ್ತಿಗೆಗೆ ಹಾಕುವ ಕಬ್ಬಿಣದ ಮುಳ್ಳುಪಟ್ಟಿ ಇದ್ದದ್ದರಿಂದ ಗಂಟಲು ಉಳಿದಿತ್ತು. ಅಕ್ಕಪಕ್ಕದವರು ಪಂಜು ಹಿಡಿದು ಕೂಗಿಕೊಂಡು ಬರುವವರೆಗೆ ಒಬ್ಬಂಟಿಯಾಗಿ ಹೊಡೆದಾಡಿತ್ತಂತೆ. ಬಾಗಿಲ ತುಂಬ ಕೆಂಚನ ಉಗುರಿನ ಗೀರು. ಒಳಗೆ ಮಲಗಿದ್ದ ಕ್ಯಾತಮ್ಮನಿಗೆ ಏನೂ ಗೊತ್ತಾಗಿರಲಿಲ್ಲ. ಅವರು ಆ ಗೀರುಗಳ ಮೇಲೆ ಕೈಯಾಡಿಸುತ್ತ ನಿಂತಿದ್ದರು.

ನಾನು ಹೊಲಿಗೆ ಹಾಕುತ್ತಿದ್ದಾಗ ಚಿಕ್ಕಣ್ಣ ಅತ್ತಿಗೆಯ ಎದುರು ನಿಂತು ಹೇಳಿದ, "ಸಾಕು ಅತ್ಗೆ. ಕುರಿ ಮಾರಾಣ. ನಮ್ಮನೆಗೆ ಬಂದ್ಬಿಡು. ನಿಂಗೊಂದು ತುತ್ತು ಹಾಕೋದು ನಮ್ಗೇನು ಭಾರ ಅಲ್ಲ."

ಕೆಟ್ಟ ಮನುಷ್ಯನಲ್ಲ ಅವನು. ಅಣ್ಣನ ಹೆಂಡತಿಗೆ ಏನಾದರೂ ಆದೀತೆಂಬ ಭಯ ಅವನಿಗೆ. ಆದರೆ ಕ್ಯಾತಮ್ಮ ನಾಯಿಯ ತಲೆ ಹಿಡಿದುಕೊಂಡೇ ಅಂದರು, "ಹಬ್ಬಕ್ಕೆ ಬಂದ್ರೆ ನೆಂಟ್ರು, ದಿನಾ ಇದ್ರೆ ಭಾರ ಕಣಪ್ಪ. ನಿನ್ ಹೆಂಡ್ತಿ ಒಳ್ಳೇಳು, ಒಂದು ದಿನಾನೂ ಅನ್ನಾಕಿಲ್ಲ. ಅವಳು ಅನ್ನದೆ ಇರೋದ ನೋಡ್ಕಂಡು ನಾನು ಉಣ್ಬೇಕಲ್ಲ. ನನ್ ಒಲೆ ನಾನು ಉರಿಸ್ಕಂತೀನಿ."

ಆಮೇಲೆ ನನ್ನ ಕಡೆ ತಿರುಗಿದರು. "ಡಾಕ್ಟ್ರೆ, ಇವನು ಬದುಕ್ತಾನಾ? ಇವನಿದ್ರೆ ನಾನು ಇಲ್ಲಿರ್ತೀನಿ. ಇವನು ಹೋದ್ರೆ ನಾನು ಅವರ ಮನೆಗೆ ಹೋಗ್ಬೇಕಾಗ್ತೈತೆ. ಅಷ್ಟೇ ನೋಡ್ರಿ."

ನಾನು ಹೌದು ಅಂತ ತಲೆಯಾಡಿಸಿದೆ. ಎಷ್ಟೋ ಸಾಕುಪ್ರಾಣಿಗಳಿಗೆ ಹೊಲಿಗೆ ಹಾಕಿದ್ದೆ, ಒಬ್ಬರ ಮನೆಯನ್ನೇ ಹೊಲಿಯುತ್ತಿದ್ದೇನೆ ಅನ್ನಿಸಿದ್ದು ಅದೊಂದೇ ಸಲ.

ಹಿರಿಯೂರಿನಲ್ಲಿ ಆಗ ನಮಗಿದ್ದ ಡಾಕ್ಟರು ಸುಧಾ ಮೇಡಂ. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು, ಕೆಲಸದಲ್ಲಿ ಗಟ್ಟಿಗಿತ್ತಿ. ತಾವೇ ಹಟ್ಟಿಗೆ ಬಂದು ಗಾಯ ನೋಡಿ, ಹುಚ್ಚುನಾಯಿ ರೋಗದ ಲಸಿಕೆಯನ್ನೂ ಹಾಕಿಸಿ, "ರಾತ್ರಿ ಹೊತ್ತು ಸರಪಳಿ ಮಾತ್ರ ಬೇಡ. ಕಟ್ಟಿಹಾಕಿದ ನಾಯಿ ಚಿರತೆಗೆ ಬಡಿಸಿಟ್ಟ ಊಟ. ಭದ್ರವಾದ ಮನೆ ಕಟ್ಟಿಸಿ" ಅಂದರು. ಆ ಕೆಲಸ ನನ್ನ ಹೆಗಲಿಗೆ ಬಂತು.

ಕಟ್ಟಿಸಿದೆವು. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ, ನನ್ನ ಸರ್ವೀಸಿನಲ್ಲೇ ಅಂಥ ನಾಯಿಮನೆ ಇನ್ನೊಂದಿಲ್ಲ. ಕ್ಯಾತಮ್ಮನ ಮನೆಯ ಹಿಂಗೋಡೆಗೆ ಆನಿಸಿ, ಎರಡು ಪಕ್ಕಕ್ಕೆ ಕಲ್ಲುಚಪ್ಪಡಿ ನಿಲ್ಲಿಸಿದೆವು. ಮೇಲೆ ಚಪ್ಪಡಿ, ಅದರ ಮೇಲೆ ಬಿಸಿಲಿಗೆ ತೆಂಗಿನ ಗರಿ. ಮುಂದೆ ಹಳೆಯ ಪಂಪ್‌ಹೌಸಿನ ಕಬ್ಬಿಣದ ಜಾಲರಿ ಬಾಗಿಲು, ಪಂಜ ಹಾಕಿ ಎತ್ತಿದರೂ ಏಳದ ಚಿಲಕ. ಚಪ್ಪಡಿ ಕಾಯಬಾರದು ಅಂತ ಒಳಗೆಲ್ಲ ಮಣ್ಣು ಮೆತ್ತಿ ಸಾರಿಸಿದೆವು. ನೆಲದಿಂದ ಎತ್ತರಕ್ಕೆ ಹಳೆ ಮಂಚದ ಹಲಗೆ, ಅದರ ಮೇಲೆ ಕಂಬಳಿ ತುಂಡು. ಜಾಲರಿಯಿಂದ ರೊಪ್ಪ ಕಾಣಬೇಕು, ಇಲ್ಲದಿದ್ದರೆ ಕುರಿನಾಯಿ ಒಳಗೆ ನಿಲ್ಲುವುದಿಲ್ಲ, ಅದನ್ನೂ ನೋಡಿಕೊಂಡೆವು. ಜಾಲರಿಗೆ ಸಿಕ್ಕಿಕೊಂಡೀತೆಂದು ರಾತ್ರಿ ಹೊತ್ತು ಮುಳ್ಳುಪಟ್ಟಿ ಬಿಚ್ಚಲು ಹೇಳಿದೆ. ಹಟ್ಟಿಯವರೆಲ್ಲ ಬಂದು ನೋಡಿದರು. ಒಬ್ಬ ಮುದುಕ, "ಇದ್ರಾಗೆ ನಾನೇ ಮಲಗ್ತೀನಿ ಬಿಡ್ರಿ" ಅಂದ. ನಾನು ಎದೆಯುಬ್ಬಿಸಿಕೊಂಡು ಮನೆಗೆ ಹೋದೆ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಚಿರತೆ ಮತ್ತೆ ಬಂತು. ನಾಯಿಮನೆಯ ಸುತ್ತ ಹೆಜ್ಜೆ ಹಾಕಿ, ಏನೂ ಮಾಡಲಾಗದೆ, ರೊಪ್ಪದ ಬೇಲಿ ಹಾರಿ ಒಂದು ಮರಿ ಎತ್ತಿಕೊಂಡು ಹೋಯಿತು. ಕೆಂಚ ಜಾಲರಿಗೆ ಹಾಯ್ದು ಹಾಯ್ದು ಮೂಗೆಲ್ಲ ರಕ್ತ ಮಾಡಿಕೊಂಡಿತ್ತು. ಅಕ್ಕಪಕ್ಕದವರು ಆ ದಿನ ಮದುವೆಯ ಊರಿಗೆ ಹೋಗಿದ್ದರು. ಕ್ಯಾತಮ್ಮ ಬೆಳಿಗ್ಗೆ ಎದ್ದು ನೋಡಿದಾಗಲೇ ಗೊತ್ತಾದದ್ದು.

ನಾನು ಹೋದೆ. ಅವರು ಬೈಯಲಿಲ್ಲ. ಕೆಂಚನ ಮೂಗು ಒರೆಸುತ್ತ ಕುಳಿತಿದ್ದವರು ನನ್ನ ಮುಖ ನೋಡಿ, "ಡಾಕ್ಟ್ರೆ, ನನ್ ಕಿವೀನ ಪೆಟ್ಟಿಗೇಲಿಟ್ಟು ಚಿಲ್ಕ ಹಾಕಿದ್ರಲ್ರಿ" ಅಂದರು.

ನಾನು ಅಲ್ಲೇ ಕಲ್ಲಿನ ಮೇಲೆ ಕುಳಿತೆ. ನಾಯಿ ಜೋಪಾನವಾಗಿರಬೇಕು ಅಂತ ಅಷ್ಟೆಲ್ಲ ಲೆಕ್ಕ ಹಾಕಿದ ನಾನು ಆ ನಾಯಿ ಮಾಡುವ ಕೆಲಸ ಯಾವುದು ಅಂತ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಚಿಕ್ಕ ಪ್ರಾಯದವರಿಗೆ ಇದನ್ನೇ ಹೇಳುತ್ತೇನೆ. ಅಳತೆಪಟ್ಟಿ ಬಿಚ್ಚುವ ಮುಂಚೆ ಆ ಮನೆಯಲ್ಲಿ ನಾಯಿಗೆ ಏನು ಕೆಲಸ, ಅದು ಯಾರ ಹತ್ತಿರ ಮಲಗುತ್ತದೆ ಅಂತ ಕೇಳಿ.

ಆಮೇಲೆ ಒಂದಷ್ಟು ದಿನ ತರಾವರಿ ಉಪಾಯ ನಡೆದವು. ಚಿಕ್ಕಣ್ಣ ಹಿರಿಯೂರಿನಿಂದ, ಏನಾದರೂ ಅಲುಗಿದರೆ ತಾನೇ ಹತ್ತಿಕೊಳ್ಳುವ ಲೈಟು ತಂದು ಕಿಟಕಿಗೆ ಕಟ್ಟಿದ. ಕುರಿ ಕಿವಿ ಒದರಿದರೂ ಲೈಟು, ಬೆಕ್ಕು ಹೋದರೂ ಲೈಟು. ನಿದ್ದೆಗೆಟ್ಟು ಕ್ಯಾತಮ್ಮ ಅದರ ಮೇಲೆ ಟವಲು ಮುಚ್ಚಿದರು. ಕರೆಂಟು ಹೋದಾಗ ಹೇಗೂ ಅದು ದಂಡ. ಆಮೇಲೆ ಅವನಿಗೇ ಹೊಳೆದ ಇನ್ನೊಂದು ಉಪಾಯ, ನಾಯಿಯ ಕುತ್ತಿಗೆಯಿಂದ ಕಿಟಕಿಯೊಳಗೆ ಹಗ್ಗ ಎಳೆದು ಅತ್ತಿಗೆಯ ಕಾಲ್ಬೆರಳಿಗೆ ಕಟ್ಟುವುದು. ನಾನು ಹೋಗಿ ನೋಡಿ ಸಿಟ್ಟಿನಿಂದ ಬಿಚ್ಚಿಹಾಕಿದೆ, ನಾಯಿ ಉರುಳು ಬಿಗಿದು ಸತ್ತರೆ ಯಾರು ಗತಿ? ಕ್ಯಾತಮ್ಮನ ಸಿಟ್ಟು ಬೇರೆಯೇ ಇತ್ತು. "ಅವನು ಮೈ ಕೆರ್ಕಂಡಾಗೆಲ್ಲ ನಾನು ಎದ್ದು ಕುಂತ್ಕಬೇಕಾ? ಅವನಿಗೆ ಉಣುಗು ಹತ್ತಿದ್ರೆ ನಂಗೆ ಜಾಗರಣೆ." ಚಿಕ್ಕಣ್ಣನೂ ನಕ್ಕುಬಿಟ್ಟ.

ನಗು ನಿಂತ ಮೇಲೆ ಅವನು ಮತ್ತೆ ಅದೇ ಮಾತಿಗೆ ಬಂದ. ಕುರಿ ಮಾರುವ ಮಾತು. ಕ್ಯಾತಮ್ಮ ಎದ್ದು ಒಳಗೆ ಹೋದರು. ಮಲಗುವ ಜಾಗದಲ್ಲಿ ಗೋಡೆಗೆ ಕೈಯಿಟ್ಟು, ನಮ್ಮಿಬ್ಬರನ್ನೂ ಕರೆದರು. ಗೋಡೆಯ ಆಚೆ ಬದಿಗೆ ಸರಿಯಾಗಿ ಕೆಂಚನ ಹಲಗೆ.

"ಇಲ್ಲಿ ಒಂದು ಕಿಂಡಿ ಹೊಡೀರಿ" ಅಂದರು. "ಅವನ ತಲೆ ಈ ಕಡೆ ಬರ್ಲಿ. ಕಂಬಳಿ ಎಳೀತಾನೆ, ನಾನು ಏಳ್ತೀನಿ. ಅವನು ಗೂಡಿನಾಗೇ ಇರ್ತಾನೆ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ಹಾಗಿತ್ತು ಮಾತು. ನನಗೆ ಕುಣಿಯುವಷ್ಟು ಖುಷಿಯಾಯಿತು. ಚಿಕ್ಕಣ್ಣನ ಮುಖ ಮಾತ್ರ ಗಂಟಾಯಿತು. ಮೂಲೆಯಲ್ಲಿದ್ದ ದೇವರ ಪೆಟ್ಟಿಗೆಯ ಕಡೆ ಕೈ ಮಾಡಿ, "ಅತ್ಗೆ, ನಮ್ಮಪ್ಪನ ಕಾಲ್ದಿಂದ ಈ ಮನೆ ಹೊಸ್ಲು ನಾಯಿ ದಾಟಿಲ್ಲ. ನಾಳೆ ಹಟ್ಟಿಗೆ ಏನಾದ್ರೂ ಆದ್ರೆ ಎಲ್ರೂ ನನ್ನೇ ಕೇಳ್ತಾರೆ" ಅಂದ.

"ದಾಟ್ಸು ಅಂತ ಯಾರಂದ್ರು? ಗೋಡೇಲಿ ಹೊಸ್ಲು ಎಲ್ಲೈತೆ, ತೋರ್ಸು."

ಚಿಕ್ಕಣ್ಣ ಗೋಡೆಯನ್ನು ನಿಜವಾಗಿಯೂ ನೋಡಿದ. ಹೊರಗೆ ಹೋಗಿ ಆ ಕಡೆಯಿಂದಲೂ ನೋಡಿ ಬಂದ. ನನ್ನನ್ನು ಕೇಳಿದ, "ಏನ್ ಡಾಕ್ಟ್ರೆ, ಕಿಂಡಿ ಬಾಗ್ಲು ಅನ್ನಿಸ್ಕಂತೈತಾ?" ದೇವರ ವಿಷಯದಲ್ಲಿ ಬಾಯಿ ಹಾಕಬಾರದು ಅಂತ ನಾನು ಕೆಲಸಕ್ಕೆ ಸೇರಿದ ದಿನದಿಂದ ಪಾಲಿಸಿಕೊಂಡು ಬಂದವನು. ಅವನು ಬಹಳ ಹೊತ್ತು ಪೆಟ್ಟಿಗೆಯ ಮುಂದೆ ಕುಳಿತು ಎದ್ದು ಬಂದ.

"ತಲೆ ಅಷ್ಟೇ ಬರ್ಬೇಕು. ಕಾಲು ಬರಂಗಿಲ್ಲ" ಅಂದ. ಆಮೇಲೆ ಅತ್ತಿಗೆಯ ಎದುರು ನಿಂತು ನಿಧಾನವಾಗಿ, "ಇದೇ ಕೊನೆ. ಇಷ್ಟಾದ ಮೇಲೂ ಒಂದು ಕುರಿ ಹೋದ್ರೆ, ಇಲ್ಲಾ ನಾಯಿಗೇನಾದ್ರೂ ಆದ್ರೆ, ನೀನು ನಮ್ಮನೆಗೆ ಬರ್ಬೇಕು. ಮಾತು ಕೊಡು" ಅಂದ.

ಕ್ಯಾತಮ್ಮ ಕೆಂಚನನ್ನು ನೋಡಿದರು, ಒಲೆಯನ್ನು ನೋಡಿದರು. "ಆತು" ಅಂದರು.

ನಾನು ಕೆಂಚನ ತಲೆ, ಕುತ್ತಿಗೆ ಅಳೆದು, ಭುಜ ನುಗ್ಗದ ಹಾಗೆ ಗುಂಡಗೆ ಗೆರೆ ಹಾಕಿಕೊಟ್ಟೆ. ಮಣ್ಣಿನ ಗೋಡೆ, ಚಿಕ್ಕಣ್ಣ ತಾನೇ ಹಾರೆ ಹಿಡಿದು ಕೊರೆದ. ಅಂಚು ಕುತ್ತಿಗೆಗೆ ತರಚದಂತೆ ಗಾರೆ ಹಾಕಿ ಉಜ್ಜಿ ನುಣುಪು ಮಾಡಿದೆವು. ಕಿಂಡಿ ಆದ ಗಳಿಗೆಯಲ್ಲೇ ಆಚೆಯಿಂದ ಕೆಂಪು ಮೂತಿಯೊಂದು ಒಳಗೆ ಬಂದು ಕ್ಯಾತಮ್ಮನ ಸೆರಗು ಹಿಡಿಯಿತು. ಯಾವ ಕಾರಣವೂ ಇರಲಿಲ್ಲ, ಸುಮ್ಮನೆ ಹಿಡಿದಿತ್ತು. ಅವರು ಬಿಡಿಸಿಕೊಳ್ಳಲೂ ಇಲ್ಲ.

ಅಲ್ಲಿಂದ ಮುಂದೆ ನನಗೆ ನೆಮ್ಮದಿ ಇಲ್ಲ. ಯಾವ ಹಳ್ಳಿಯಲ್ಲಿ ದನ ನೋಡುತ್ತಿದ್ದರೂ ಫೋನು ಬಂದರೆ ಕೈ ತೊಳೆಯದೆಯೇ ಎತ್ತುತ್ತಿದ್ದೆ. ಮನೆಯಾಕೆ, "ಸ್ವಂತ ಮಗಳು ಹೆರಿಗೆಗೆ ಬಂದಾಗ್ಲೂ ನೀವು ಹಿಂಗೆ ಒದ್ದಾಡಿರ್ಲಿಲ್ಲ" ಅಂತ ಛೇಡಿಸಿದಳು. ಒಂದು ಮುಂಜಾನೆ ಚಿಕ್ಕಣ್ಣನ ಫೋನು ಬಂದೇ ಬಂತು.

"ಡಾಕ್ಟ್ರೆ, ಜಲ್ದಿ ಬರ್ರಿ. ಚಿರ್ತೆ ಬಂದಿತ್ತು. ಕೆಂಚ..." ಅನ್ನುವಷ್ಟರಲ್ಲಿ ಸಿಗ್ನಲ್ ಹೋಯಿತು.

ಚಹಾ ಹಾಗೇ ಬಿಟ್ಟು ಬೈಕು ಹತ್ತಿದೆ. ದಾರಿಯುದ್ದಕ್ಕೂ ಹಾಳು ಯೋಚನೆ. ಕಿಂಡಿಗೆ ತಲೆ ಕೊಟ್ಟಿದ್ದಾಗ ಹಿಂದಿನಿಂದ ಜಾಲರಿ ಮುರಿದಿರಬೇಕು. ಚಿಲಕ ಎದ್ದಿರಬೇಕು. ಕ್ಯಾತಮ್ಮನ ಎದುರು ನಿಂತು ಯಾವ ಮಾತಿಗೆ ತುಟಿ ಅಲುಗಿಸಲಿ? ಹಟ್ಟಿ ಹತ್ತಿರ ಬಂದಾಗ ಆ ಮನೆಯ ಮುಂದೆ ಜನ ಸೇರಿದ್ದು ಕಂಡು ಬೈಕನ್ನು ದಾರಿಯಲ್ಲೇ ನಿಲ್ಲಿಸಿ ಇಳಿದೆ. ನಿಂತವರಲ್ಲಿ ಒಬ್ಬ ಹೆಂಗಸು ನಗುತ್ತಿದ್ದಳು. ಅದನ್ನು ನೋಡಿ ಉಸಿರು ಬಂತು.

ಹಿಂದೆ ಹೋಗಿ ನೋಡಿದರೆ ಜಾಲರಿ ಭದ್ರ, ಚಿಲಕ ಭದ್ರ. ಒಳಗೆ ಕೆಂಚನ ಹಿಂಭಾಗ ಮಾತ್ರ ಕಾಣುತ್ತಿತ್ತು, ಬಾಲ ಜೋರಾಗಿ ಆಡುತ್ತಿತ್ತು. ಮನೆಯೊಳಗೆ ಹೋದರೆ ಗೋಡೆಯಿಂದ ಕೆಂಚನ ತಲೆ, ಒಂದು ಭುಜ, ಒಂದು ಮುಂಗಾಲು ಹೊರಬಂದು ಸಿಕ್ಕಿಕೊಂಡಿದ್ದವು. ಎದುರಿಗೆ ಕ್ಯಾತಮ್ಮ ಕುಳಿತು ರಾಗಿಮುದ್ದೆ ಮುರಿದು ಹಾಲಿನಲ್ಲಿ ಅದ್ದಿ ತಿನ್ನಿಸುತ್ತಿದ್ದರು.

ಆದದ್ದನ್ನು ಅವರೇ ಹೇಳಿದರು. "ಕಂಬಳಿ ಎಳೆದ. ಚಳಿಗೆ ಆಟ ಆಡ್ತಾನೆ ಅಂತ ತಳ್ಳಿ ಮಲಗ್ದೆ. ಜುಟ್ಟು ಹಿಡಿದು ಎಳೆದ ನೋಡ್ರಿ, ಕೂದ್ಲೇ ಕಿತ್ತು ಬಂತು. ಎದ್ದು ಅವನ ಕತ್ತಿನ ಮೇಲೆ ಕೈ ಇಟ್ರೆ ಗಡಗಡ ನಡುಗ್ತಾವ್ನೆ. ಬ್ಯಾಟ್ರಿ ಕಿಟಕೀಲಿ ಬಿಟ್ಟೆ. ರೊಪ್ಪದ ಬೇಲಿ ಮೇಲೆ ಎರಡು ಕಣ್ಣು. ತಪ್ಪಲೆ ತಗಂಡು ಬಡಿದೆ, ಬಾಯಿಗೆ ಬಂದಂಗೆ ಬೈದೆ. ನಂಗಂತೂ ಕೇಳ್ಸಾಕಿಲ್ಲ, ಚಿರ್ತೆಗೆ ಕೇಳ್ಸಿರ್ಬೇಕು, ಓಡೋತು."

"ಹಟ್ಟಿಗೆಲ್ಲ ಕೇಳಿಸ್ತು" ಅಂದಳು ಬಾಗಿಲಲ್ಲಿ ನಿಂತ ಚಿಕ್ಕಣ್ಣನ ಹೆಂಡತಿ. "ಅಂಥ ಬೈಗುಳ ನಾನು ಹುಟ್ಟಿದಾಗ್ಲಿಂದ ಕೇಳಿರ್ಲಿಲ್ಲ."

ಕುರಿ ಒಂದೂ ಹೋಗಿರಲಿಲ್ಲ. ಒಂದೊಂದನ್ನೂ ಚಿಕ್ಕಣ್ಣನೇ ಮುಟ್ಟಿ ನೋಡಿದ್ದ. ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಗೋಡೆಗೆ ಒರಗಿ ಕುಳಿತು ಕೆಂಚನ ತಲೆ ಸವರಿದೆ. ಕೂದಲು ಎಳೆಯುವ ಆತುರದಲ್ಲಿ ಮುಂದಕ್ಕೆ ನುಗ್ಗಿ ಭುಜ ಸಿಕ್ಕಿಸಿಕೊಂಡಿತ್ತು. ನಾನು ಅಳತೆ ತೆಗೆದಾಗ ಗಾಯದಿಂದ ಸೊರಗಿತ್ತು, ಕ್ಯಾತಮ್ಮ ಹಾಲು ಮುದ್ದೆ ಹಾಕಿ ಹಾಕಿ ದುಂಡಗೆ ಮಾಡಿದ್ದರು, ರಭಸಕ್ಕೆ ನುಗ್ಗಿದ ಭುಜ ವಾಪಸು ಬರಲಿಲ್ಲ. ಕಾಯಿಲೆ ಬಿದ್ದ ನಾಯಿಯ ಅಳತೆಗೆ ಮನೆ ಕಟ್ಟಬೇಡಿ, ಇದನ್ನೂ ಬರೆದುಕೊಳ್ಳಿ.

ಎಣ್ಣೆ ಸವರಿ ಹಿಂದಕ್ಕೆ ತಳ್ಳಿ ನೋಡಿದೆ. ಹಳೆಯ ಗಾಯದ ಮೇಲೆ ಗೋಡೆ ಒತ್ತುತ್ತಿತ್ತು, ಕೆಂಚ ಕುಂಯ್ ಅಂದಿತು. ಹಿಂದಕ್ಕೆ ಬರಲು ಸಾಧ್ಯವೇ ಇರಲಿಲ್ಲ. ಗೋಡೆ ಒಡೆಯಬೇಕು, ಒಡೆದರೆ, ಮುಂದಿನ ಭಾರವೆಲ್ಲ ಈ ಕಡೆ ಇದ್ದದ್ದರಿಂದ, ನಾಯಿ ಜಾರಿ ಬರುವುದು ಮನೆಯ ಒಳಕ್ಕೇ. ನಾನು ಚಿಕ್ಕಣ್ಣನ ಮುಖ ನೋಡಿದೆ. ಹಟ್ಟಿಯ ಹಿರಿಯರು ಬಾಗಿಲಲ್ಲಿ ನಿಂತು ಅವನನ್ನೇ ನೋಡುತ್ತಿದ್ದರು. ಮೊದಲೇ ಒಂದು ಕಾಲು ಒಳಗೆ ಬಂದಾಗಿತ್ತು.

ಚಿಕ್ಕಣ್ಣ ಹೊರಗೆ ಹೋದ. ಬರುವಾಗ ಕೈಯಲ್ಲಿ ಹಾರೆ ಇತ್ತು. "ಡಾಕ್ಟ್ರೆ, ತಲೆ ಹಿಡ್ಕಳ್ರಿ" ಅಂದು, ಕಿಂಡಿಯ ಅಂಚಿಗೆ ನಿಧಾನವಾಗಿ ಕುಟ್ಟತೊಡಗಿದ. ಮಣ್ಣಿನ ಹೆಂಟೆ ಉದುರಿದವು. ಕೆಂಚ ಜಾರಿ ಒಳಗೆ ಬಿದ್ದು, ಮೈ ಕೊಡವಿ, ದೇವರ ಪೆಟ್ಟಿಗೆಯ ಮುಂದಿನಿಂದಲೇ ಹಾಯ್ದು ಕ್ಯಾತಮ್ಮನ ತೊಡೆಗೆ ತಲೆ ಇಟ್ಟಿತು.

ಚಿಕ್ಕಣ್ಣ ಪೆಟ್ಟಿಗೆಯ ಹತ್ತಿರ ಹೋಗಿ ವಿಭೂತಿ ತಂದು ಕೆಂಚನ ತರಚಿದ ಭುಜಕ್ಕೆ ಕೈ ಚಾಚಿದ. "ಗಾಯಕ್ಕೆ ಹಚ್ಬೇಡ ಮಾರಾಯ" ಅಂತ ನಾನು ಗದರಿದೆ. ಅವನು ಕೈ ಎತ್ತಿ ಹಣೆಗೆ ಹಚ್ಚಿದ. ಹಿರಿಯರಲ್ಲಿ ಒಬ್ಬರು, "ಆತು ಬಿಡ್ರಿ, ಮನೆ ಕಾದವನು" ಅಂದು ಹೊರಟರು. ಅವರ ಹಿಂದೆ ಉಳಿದವರೂ ಅಂಗಳಕ್ಕೆ ಇಳಿದರು.

ನಾನು ಭುಜಕ್ಕೆ ಮುಲಾಮು ಹಚ್ಚುತ್ತಿದ್ದೆ. ಚಿಕ್ಕಣ್ಣ ಮಣ್ಣು ಮೆತ್ತಿದ ಕೈಯಲ್ಲೇ ಅತ್ತಿಗೆಯ ಎದುರು ಕುಕ್ಕರುಗಾಲಲ್ಲಿ ಕುಳಿತ.

"ನೀನು ಇಲ್ಲೇ ಇರು ಅತ್ಗೆ" ಅಂದ. "ಕಿಂಡೀನ ನಾನು ದೊಡ್ಡದು ಮಾಡ್ಕೊಡ್ತೀನಿ. ಕುರಿ ಮಾರೋ ಮಾತು ಇನ್ನ ಎತ್ತಲ್ಲ."

ಕ್ಯಾತಮ್ಮ ಅವನ ತುಟಿಯನ್ನೇ ನೋಡುತ್ತಿದ್ದರು. "ಏನಂದೆ? ಕೇಳ್ಸಲಿಲ್ಲ" ಅಂದರು.

ಅವನು ಬಿಡಿಸಿ ಬಿಡಿಸಿ ಇನ್ನೊಂದು ಸಲ ಹೇಳಿದ. ಅವರು ಕಿವಿಗೆ ಕೈ ಅಡ್ಡ ಹಿಡಿದು ಮುಂದೆ ಬಾಗಿದರು. ಅಷ್ಟು ವರ್ಷದ ಪರಿಚಯದಲ್ಲಿ ಅವರು ಕಿವಿಗೆ ಕೈ ಹಿಡಿದದ್ದನ್ನು ನಾನು ಕಂಡಿರಲಿಲ್ಲ. ಚಿಕ್ಕಣ್ಣ ಗಂಟಲು ಸರಿ ಮಾಡಿಕೊಂಡು, ಇದ್ದ ಶಕ್ತಿಯನ್ನೆಲ್ಲ ಹಾಕಿ ಕೂಗಿ ಹೇಳಿದ. ಅಂಗಳದಲ್ಲಿ ನಿಂತಿದ್ದ ಹಿರಿಯರು ತಿರುಗಿದರು, ರೊಪ್ಪದಾಚೆ ಬಿಂದಿಗೆ ಹೊತ್ತು ಹೋಗುತ್ತಿದ್ದವಳೂ ನಿಂತು ನೋಡಿದಳು.

"ಹ್ಞಾಂ" ಅಂದರು ಕ್ಯಾತಮ್ಮ, ಕೆಂಚನ ಬೆನ್ನು ಸವರುತ್ತ. "ನಂಗೆ ಮೊದ್ಲೇ ತಿಳೀತು ಕಣಪ್ಪ. ಈಗ ಎಲ್ರಿಗೂ ಕೇಳಿಸ್ತು."